ಸಾಕ್ಷಿ ಹೇಳಲು ಬಂದ ತಾಯಿ

ಮಗನ ರಕ್ತದಲ್ಲಿ ಸಕ್ಕರೆ ಏರಿದೆ ಎಂಬ ಸುದ್ದಿ ಮನೆಗೆ ಬಂದದ್ದು ಕಾರ್ಖಾನೆಯ ಲಕೋಟೆಯಲ್ಲಿ. ವರ್ಷಕ್ಕೊಮ್ಮೆ ನೌಕರರೆಲ್ಲರ ರಕ್ತ ತೆಗೆದು ಪರೀಕ್ಷೆಗೆ ಕಳಿಸುವ ಪದ್ಧತಿ ಅಲ್ಲಿತ್ತು. ಪ್ರತಿವರ್ಷ ಸರಿಯಾಗಿ ಆ ದಿನವೇ ಏನೋ ನೆಪ ಹೇಳಿ ರಜೆ ಹಾಕುತ್ತಿದ್ದವನು ಈ ಸಲ ಸಿಕ್ಕಿಬಿದ್ದಿದ್ದ. ಸಕ್ಕರೆ ಹೆಚ್ಚು, ರಕ್ತದೊತ್ತಡ ಹೆಚ್ಚು, ಕೊಬ್ಬಿನ ಮಾತಂತೂ ಕೇಳುವುದೇ ಬೇಡ. ಸೊಸೆ ಕಾಗದವನ್ನು ಓದಿ ಮಡಿಸಿಟ್ಟು, ಬಿಸ್ಕತ್ತಿನ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯವರಿಗೆ ಕೊಟ್ಟು ಬಂದಳು. ಡಬ್ಬಿಯನ್ನೂ ವಾಪಸ್ ಕೇಳಲಿಲ್ಲ.

ಮಗ ಮಿಕ್ಸರ್ ತಯಾರಿಸುವ ಕಾರ್ಖಾನೆಯಲ್ಲಿ ದೂರು ವಿಭಾಗದ ಮುಖ್ಯಸ್ಥ. ಕೆಟ್ಟುಹೋಗಿ ವಾಪಸ್ ಬಂದ ಮಿಕ್ಸರುಗಳೆಲ್ಲ ಅವನ ಮೇಜಿಗೇ ಬರಬೇಕು. ಹಾಗಾಗಿ ಕಾರ್ಖಾನೆಯಲ್ಲಿ ಅವನಿಗೆ ವಾಪಸ್ ಸಾಹೇಬರು ಎಂದೇ ಹೆಸರು. ಮೋಟಾರು ಬಿಚ್ಚಿ, ಒಮ್ಮೆ ಮೂಸಿ ನೋಡಿ, ತಪ್ಪು ತಯಾರಿಸಿದವರದೋ ಬಳಸಿದವರದೋ ಎಂದು ತೀರ್ಪು ಬರೆಯುವುದು ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ತಪ್ಪು ತಯಾರಿಸಿದವರದು ಎಂದು ಅವನು ಒಪ್ಪಿದ್ದು ಮೂರೇ ಸಲ. ಅದರಲ್ಲಿ ಒಂದು ಮಿಕ್ಸರು ಮಾಲೀಕರ ನಾದಿನಿಯದು. ಉಳಿದವರೆಲ್ಲ ಹೆಚ್ಚು ಹೊತ್ತು ಓಡಿಸಿದವರು, ಹೆಚ್ಚು ತುಂಬಿದವರು, ನೀರು ತಾಗಿಸಿದವರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಿರಾಕಿಯ ತಪ್ಪನ್ನು ತೆಗೆದು ತೋರಿಸುತ್ತಿದ್ದ.

ಇಂಥವನ ಕೈಗೆ ಭಾನುವಾರದ ಪುರವಣಿಯ ಒಂದು ಲೇಖನ ಸಿಕ್ಕಿತು. ತಾಯಿಯ ಹೊಟ್ಟೆಯಲ್ಲಿ ಕಳೆದ ಒಂಬತ್ತು ತಿಂಗಳು ಮನುಷ್ಯನ ಮುಂದಿನ ಇಡೀ ಆಯುಸ್ಸಿಗೆ ಅಡಿಪಾಯವಂತೆ. ಬಸುರಿನಲ್ಲಿ ತಾಯಿಗೆ ರಕ್ತದೊತ್ತಡ ಏರಿದ್ದರೆ, ಮಗು ತೀರ ಸಣ್ಣದಾಗಿ ಹುಟ್ಟಿದ್ದರೆ, ನಡುವಯಸ್ಸಿಗೆ ಬಂದಾಗ ಆ ಮಗುವಿಗೆ ಸಕ್ಕರೆ, ಒತ್ತಡ ಬರುವ ಸಂಭವ ಹೆಚ್ಚಂತೆ. ಮಗ ಅದನ್ನು ಮೂರು ಸಲ ಓದಿದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಲೇಖನದ ಕೆಳಗಿನ ಅರ್ಧದಲ್ಲಿ ತಾಯಂದಿರ ವಿಷಯ ಏನೋ ಇತ್ತು. ಅಷ್ಟರಲ್ಲಿ ತನಗೆ ಬೇಕಾದದ್ದು ಸಿಕ್ಕಿದ್ದರಿಂದ ಅದನ್ನು ಓದುವ ಗೋಜಿಗೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ತಾಯಿಯ ವಿಚಾರಣೆ ಶುರುವಾಯಿತು. ತಾಯಿಗೆ ಅರವತ್ತೆಂಟು. ದೊಡ್ಡ ಆಸ್ಪತ್ರೆಯೊಂದರ ದೋಬಿಖಾನೆಯಲ್ಲಿ ಮೂವತ್ತೆಂಟು ವರ್ಷ ನಿಂತು ಇಸ್ತ್ರಿ ಮಾಡಿದವಳು. ಅಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಇಸ್ತ್ರಿಯಕ್ಕ. ಎಂದಿನಂತೆ ಅವತ್ತೂ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ತರಕಾರಿ ಹೆಚ್ಚುತ್ತಿದ್ದಳು. ಬೆಳಿಗ್ಗೆ ಎದ್ದಾಗ ತಲೆ ನೋಯುವುದು ಅವಳ ಪಾಲಿಗೆ ಹೊತ್ತು ಹುಟ್ಟಿದಷ್ಟೇ ಸಹಜ. ಮಗ ನೋಟುಪುಸ್ತಕ ತೆರೆದು ಎದುರಿಗೆ ಕೂತ.

“ಅಮ್ಮಾ, ನಾನು ಹೊಟ್ಟೇಲಿದ್ದಾಗ ಏನೇನಾಯ್ತು? ಒಂದೂ ಬಿಡದೆ ಹೇಳು.”

ಇಸ್ತ್ರಿಯಕ್ಕನ ಕೈಯಲ್ಲಿದ್ದ ಚಾಕು ನಿಂತಿತು. ನಲವತ್ತಾರು ವರ್ಷದಿಂದ ಈ ಪ್ರಶ್ನೆಗೆ ಹೆದರಿಕೊಂಡೇ ಬದುಕಿದ್ದಳು ಅವಳು. ಯಾರೂ ಕೇಳಿರಲಿಲ್ಲ, ಅವಳೂ ಬಾಯಿ ಬಿಟ್ಟಿರಲಿಲ್ಲ.

ಹೇಳಿದಳು. ದಿನಕ್ಕೆ ಒಂಬತ್ತು ಗಂಟೆ ನಿಂತೇ ಕೆಲಸ. ಏಳನೇ ತಿಂಗಳಿಗೆ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ, ಬರಿಗಾಲಲ್ಲಿ ನಿಂತಳು. ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗುತ್ತಿತ್ತು. ಮೇಲ್ವಿಚಾರಕನಿಗೆ ಹೇಳಿದರೆ, ಬಸುರು ಅಂದರೇನು ಕಾಯಿಲೆಯೇ ಎಂದು ಕುರ್ಚಿಯಲ್ಲಿ ಕೂತುಕೊಂಡೇ ಕೇಳಿದ್ದ. ಇದ್ದ ಹದಿನೈದು ದಿನದ ರಜೆಯನ್ನು ಬಾಣಂತನಕ್ಕೆಂದು ಉಳಿಸಿಕೊಂಡಿದ್ದರಿಂದ ಅವಳೂ ಸುಮ್ಮನಾದಳು. ಎಂಟನೇ ತಿಂಗಳಲ್ಲಿ ಒಂದು ದಿನ ಇಸ್ತ್ರಿ ಮೇಜಿನ ಮೇಲೇ ಫಿಟ್ಸ್ ಬಂದು ಬಿದ್ದಳು. ಎಚ್ಚರವಾದಾಗ ಮಗು ಹೊರಗಿತ್ತು, ಒಂದೂಮುಕ್ಕಾಲು ಕಿಲೋ. ಒಂದು ಅಂಗೈಯಲ್ಲಿ ಹಿಡಿಯುವಷ್ಟು.

“ಅವತ್ತೇ ರಜಾ ಹಾಕಿ ಮಲಗಿದ್ದಿದ್ರೆ ನಿಂಗೆ ಹೀಗಾಗ್ತಿರ್ಲಿಲ್ವೇನೋ ಕಣೋ” ಎಂದಳು.

ಮಗ ತಲೆ ಆಡಿಸುತ್ತ ಎಲ್ಲ ಬರೆದುಕೊಂಡ. ಅವನ ಮುಖದಲ್ಲಿ ಕೋಪ ಎಳ್ಳಷ್ಟೂ ಇರಲಿಲ್ಲ. ತಿಂಗಳುಗಟ್ಟಲೆ ಹುಡುಕಿದ ಸ್ಕ್ರೂ ಮೇಜಿನ ಕೆಳಗೇ ಸಿಕ್ಕವನ ಸಂತೋಷವಿತ್ತು. ಪಾಪ, ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಹೇಳಿ, ಅದನ್ನೇ ಬರೆದು ಕೆಳಗೆ ಗೆರೆ ಎಳೆದ. ಒಲೆಯ ಹತ್ತಿರ ನಿಂತು ಕೇಳಿಸಿಕೊಂಡ ಸೊಸೆ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿನ್ನುವುದನ್ನೂ ಅತ್ತೆ ಹೊಟ್ಟೆಯಲ್ಲೇ ಹೇಳಿಕೊಟ್ಟರಾ ಎಂದು ವಿಚಾರಿಸಿದಳು. ವಾಪಸ್ ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ತಾಯಿಯನ್ನೂ ಕರೆದುಕೊಂಡು ಹೊರಟ. ಬಾಯಿಮಾತಿಗಿಂತ ಸಾಕ್ಷಿ ಎದುರಿಗಿದ್ದರೆ ತೂಕ ಹೆಚ್ಚು ಎಂಬುದು ಅವನ ಕಾರ್ಖಾನೆಯ ಅನುಭವ. ಇಸ್ತ್ರಿಯಕ್ಕ ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕಿಕೊಂಡು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿಟ್ಟು ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಕಲಿತ ಹೆಂಗಸು, ಡಾಕ್ಟರಮ್ಮ, ಎಲ್ಲರೆದುರು ಹೌದು ನೀನೇ ಹಾಳು ಮಾಡಿದೆ ಅಂದುಬಿಟ್ಟರೆ ಮಗನ ಮುಖವನ್ನು ಇನ್ನು ಹೇಗೆ ನೋಡುವುದು?

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ಪರೀಕ್ಷೆ ಮಾಡುವ ಮಂಚ, ತೂಕದ ಯಂತ್ರ, ಮೂರು ಕುರ್ಚಿ. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಮಗ ಪುರವಣಿಯ ಹಾಳೆ ಬಿಡಿಸಿಟ್ಟು, ನೋಟುಪುಸ್ತಕ ನೋಡಿಕೊಂಡು ತನ್ನ ವಾದ ಮಂಡಿಸಿದ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡಳು. ಲೇಖನದಲ್ಲಿರುವುದು ಸುಳ್ಳಲ್ಲ ಎಂದಳು. ಅಷ್ಟು ಸಣ್ಣದಾಗಿ ಹುಟ್ಟಿದವರಿಗೆ ಈ ಕಾಯಿಲೆಗಳ ಕಡೆ ಸ್ವಲ್ಪ ವಾಲಿಕೆ ಇರುತ್ತದೆ, ಅದು ಗೊತ್ತಿದ್ದವರು ಉಳಿದವರಿಗಿಂತ ಹುಷಾರಾಗಿರಬೇಕು. ನೀವು ಹುಷಾರಾಗಿದ್ದಿರಾ ಎಂದು ಕೇಳಿದಳು. ಮಗ ಹಾಳೆ ಮಡಿಸುವುದರಲ್ಲಿ ಮಗ್ನನಾದ.

ಆಮೇಲೆ ಅವಳು ಕುರ್ಚಿಯನ್ನೇ ಇಸ್ತ್ರಿಯಕ್ಕನ ಕಡೆಗೆ ತಿರುಗಿಸಿಕೊಂಡಳು.

“ಅಮ್ಮಾ, ಫಿಟ್ಸ್ ಬಂದಿತ್ತು ಅಂದ್ರಲ್ಲ ನಿಮ್ಮ ಮಗ. ಅದಾದ್ಮೇಲೆ ನಿಮ್ಮ ಬಿ.ಪಿ. ಯಾವಾಗ ನೋಡಿಸಿದ್ರಿ?”

ಇಸ್ತ್ರಿಯಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತನ್ನನ್ನೇ ಕೇಳುತ್ತಿರುವುದು ಹೌದೋ ಎಂದು ಮಗನ ಮುಖ ನೋಡಿದಳು.

“ನಂದಾ? ನಂದು ಯಾರು ನೋಡ್ತಾರಮ್ಮ. ಹೆರಿಗೆ ಆದ್ಮೇಲೆ ಎಲ್ಲಾ ಹೋಗುತ್ತೆ ಅಂದಿದ್ರು. ಆಮೇಲೆ ನಾವೆಲ್ಲ ಇವನನ್ನ ತೂಕ ಹಾಕ್ತಾ ಇದ್ವಿ.”

ಡಾಕ್ಟರಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಗಾಳಿ ಬಿಟ್ಟು ಇನ್ನೊಮ್ಮೆ ತುಂಬಿದಳು. ಇನ್ನೊಂದು ತೋಳಿಗೂ ಸುತ್ತಿದಳು. ಇನ್ನೂರ ನಾಲ್ಕು, ನೂರ ಹನ್ನೆರಡು. ತಲೆನೋವು ಇದೆಯಾ ಎಂದು ಕೇಳಿದ್ದಕ್ಕೆ, ತಲೆ ಇದ್ದಮೇಲೆ ನೋವು ಇರುವುದಿಲ್ಲವೇ ಎಂದು ಇಸ್ತ್ರಿಯಕ್ಕ ನಕ್ಕಳು. ಬೇರೆ ಯಾರೂ ನಗಲಿಲ್ಲ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕೈಕಾಲು ಎತ್ತಿಸಿ ಇಳಿಸಿ ನೋಡಿ, ಇಷ್ಟು ಒತ್ತಡ ಇಟ್ಟುಕೊಂಡು ಇಲ್ಲಿಯ ತನಕ ನಡೆದು ಬಂದದ್ದೇ ದೊಡ್ಡದು ಎಂದಳು. ಇವತ್ತಿನಿಂದಲೇ ಮಾತ್ರೆ, ನಾಳೆ ಬೆಳಿಗ್ಗೆ ರಕ್ತ, ಮೂತ್ರ, ಹೃದಯದ ಪರೀಕ್ಷೆ.

ಪುರವಣಿಯ ಕೆಳಗಿನ ಅರ್ಧದಲ್ಲಿದ್ದದ್ದನ್ನು ಆಮೇಲೆ ಅವಳೇ ಬಿಡಿಸಿ ಹೇಳಿದಳು. ಬಸುರಿನಲ್ಲಿ ಹಾಗೆ ಒತ್ತಡ ಏರಿದ ಹೆಂಗಸಿನ ಹೃದಯದ ಮೇಲೆ, ಮೂತ್ರಪಿಂಡದ ಮೇಲೆ ಅದರ ಗುರುತು ಉಳಿದಿರಬಹುದು. ಹೆರಿಗೆಯೊಂದಿಗೆ ಎಲ್ಲ ತೊಳೆದು ಹೋಗುವುದಿಲ್ಲ. ಅಂಥವರನ್ನು ಬದುಕಿರುವ ತನಕ ವರ್ಷಕ್ಕೊಮ್ಮೆಯಾದರೂ ನೋಡುತ್ತಿರಬೇಕು. ಇಸ್ತ್ರಿಯಕ್ಕ ಇದೆಲ್ಲ ಮೊದಲ ಸಲ ಕೇಳುತ್ತಿದ್ದಳು. ಮೂವತ್ತೆಂಟು ವರ್ಷ ಅವಳು ಇಸ್ತ್ರಿ ಹಾಕಿದ ಬಿಳಿ ಕೋಟು ತೊಟ್ಟು ನೂರಾರು ಡಾಕ್ಟರುಗಳು ಅವಳೆದುರೇ ಓಡಾಡಿದ್ದರು. ಕಾಲರು ಮಡಿಕೆ ಬಿದ್ದಿದೆ ಎಂದು ಹೇಳಲು ಬಂದವರುಂಟು, ತೋಳು ಚಾಚು ಎಂದು ಹೇಳಿದವರು ಒಬ್ಬರಿಲ್ಲ.

“ಆದ್ರೆ ಅಮ್ಮಂಗೆ ಯಾವತ್ತೂ ಏನೂ ಆಗೇ ಇಲ್ವಲ್ಲ ಡಾಕ್ಟ್ರೇ” ಎಂದ ಮಗ. ಅವನ ದನಿ ಸಣ್ಣದಾಗಿತ್ತು.

ಇಸ್ತ್ರಿಯಕ್ಕನಿಗೆ ತನ್ನ ಹೃದಯ, ಮೂತ್ರಪಿಂಡಗಳ ಚಿಂತೆ ಇನ್ನೂ ಒಳಗಿಳಿದಿರಲಿಲ್ಲ. ಬೆಳಗಿನಿಂದ ನುಂಗಿಕೊಂಡಿದ್ದನ್ನು ಮೊದಲು ಕೇಳಬೇಕಿತ್ತು.

“ಹಾಗಾದ್ರೆ ಇವನನ್ನ ಕೆಡಿಸಿದ್ದು ನಾನಲ್ವಾ?”

“ಅಲ್ಲಮ್ಮ. ಅದು ಇಬ್ಬರಿಗೂ ಆಗಿದ್ದು. ಒಬ್ಬರು ಇನ್ನೊಬ್ಬರಿಗೆ ಮಾಡಿದ್ದಲ್ಲ.”

ಇಸ್ತ್ರಿಯಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷ ಒಬ್ಬಳೇ ಹೊತ್ತದ್ದು ಒಂದು ಮಾತಿಗೆ ಇಳಿದುಹೋಯಿತಲ್ಲ ಎಂದು ಅವಳಿಗೆ ಸಂತೋಷವೂ ಆಯಿತು, ಸಿಟ್ಟೂ ಬಂತು.

ಡಾಕ್ಟರಮ್ಮ ಮಗನ ಹಾಳೆಗಳನ್ನು ಒಂದು ಕಡೆ ಸರಿಸಿ ಹೊಸ ಕಡತ ತೆಗೆದಳು. ವಯಸ್ಸು ಬರೆದಳು, ಒತ್ತಡದ ಅಂಕಿ ಬರೆದಳು. ಯಾವಾಗಿನಿಂದ ಎಂಬ ಸಾಲಿಗೆ ಬಂದಾಗ, ಆ ಫಿಟ್ಸ್ ಬಂದ ದಿನ ಯಾವುದು ಎಂದು ಕೇಳಿದಳು. ಇಸ್ತ್ರಿಯಕ್ಕ ಸೆರಗಿನ ಮಡಿಕೆ ತಿದ್ದತೊಡಗಿದಳು. ಕೊನೆಗೆ ಮಗನೇ ಹೇಳಬೇಕಾಯಿತು. ತಾರೀಕು, ತಿಂಗಳು, ವರ್ಷ. ಎಷ್ಟೋ ಅರ್ಜಿಗಳಲ್ಲಿ ಅವನು ಬರೆದಿದ್ದ ತಾರೀಕು ಅದು; ಅವತ್ತು ಅದನ್ನು ಹೇಳುವಾಗ ಮಾತ್ರ ನಾಲಗೆ ತೊದಲಿತು.

ಡಾಕ್ಟರಮ್ಮ ಪೆನ್ನು ಊರುವಷ್ಟರಲ್ಲಿ ಇಸ್ತ್ರಿಯಕ್ಕ ಕೈ ಚಾಚಿ ಆ ಸಾಲನ್ನು ಮುಚ್ಚಿದಳು.

“ಅದನ್ನ ಅಲ್ಲಿ ಬರೀಬೇಡಮ್ಮ. ಅದು ಇವನು ಹುಟ್ಟಿದ ದಿನ.”

“ಕಾಯಿಲೆ ಯಾವಾಗಿಂದ ಅಂತ ಬರೀಲೇಬೇಕಮ್ಮ.”

“ಹಾಗಿದ್ರೆ ಹಿಂದಿನ ದಿನ ಹಾಕ್ಕೋ. ಹಿಂದಿನ ದಿನಾನೂ ಕಾಲು ಊದಿತ್ತು.”

ಡಾಕ್ಟರಮ್ಮ ಒಂದು ಕ್ಷಣ ಮುದುಕಿಯ ಕೈಯನ್ನು ನೋಡಿದಳು. ಆಮೇಲೆ ಹಿಂದಿನ ದಿನದ ತಾರೀಕು ಬರೆದಳು. ಮಗ ಚೀಟಿ ತೆಗೆದುಕೊಂಡು, ತಾಯಿಯ ಮುಖ ನೋಡಲಾರದೆ, ಮಾತ್ರೆ ತರಲು ಹೋದ.