ಗಾಜಿನೊಳಗಿನ ಕಾಗದದ ಬುಟ್ಟಿ

ಪುಕ್ಕಟೆ ಕಾಫಿ ಕೊಡುವವರನ್ನು ನಂಬಬಾರದು ಎಂಬುದು ಬಾಗಲೂರಿನ ಲಕ್ಕಣ್ಣನ ಸಿದ್ಧಾಂತ. ಯಲಹಂಕದ ಆ ಕರಕುಶಲ ಮ್ಯೂಸಿಯಂನಲ್ಲಿ ಕಾಫಿಯೂ ಪುಕ್ಕಟೆ, ಪ್ರವೇಶವೂ ಪುಕ್ಕಟೆ. ಸಾಲದ್ದಕ್ಕೆ ಬಾಗಿಲಲ್ಲೇ ಪುಸ್ತಕ ಚಾಚಿ ಸಹಿ ಕೇಳಿದರು.

“ಸೈನ್ ಆಕ್ಬೇಡ,” ಎಂದು ಹೆಂಡತಿ ವೆಂಕಟಲಕ್ಷ್ಮಮ್ಮನ ಕೈ ಹಿಡಿದ. “ಇಂಗೇ ಸೈನ್ ಆಕ್ಸ್ಕೊಂಡು ಎಷ್ಟ್ ಜನದ ಜಮೀನು ಓಯ್ತು, ಗೊತ್ತಾ?”

“ಬಂದೋರ ಎಸ್ರು ಬರ್ಸೋದು ಕಣ್ರೀ ಅದು,” ಎಂದು ಆಕೆ ಸಹಿ ಹಾಕಿಯೇಬಿಟ್ಟಳು. ಹಾಕದೆ ಇನ್ನೇನು? ಆಕೆ ಮಾಡಿದ ಕಾಗದದ ಬುಟ್ಟಿಯನ್ನೇ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಲಕ್ಕಣ್ಣನಿಗೆ ಆ ಕಾಮಾಲೆ ಹತ್ತಿ ಒಂದು ವರ್ಷ. ತೋಟ ಹಂಚಿ ಅಪ್ಪ ಕೈಯಾರೆ ಬರೆದಿಟ್ಟಿದ್ದ ಪಾಲುಪಟ್ಟಿ ಬೀರುವಿನಿಂದ ಮಾಯವಾಗಿತ್ತು. ಕದ್ದವನು ತಮ್ಮ ಪಿಳ್ಳಪ್ಪನೇ ಎಂದು ಊರಿಗೆಲ್ಲ ಸಾರಿದ್ದ. ಅವನ ಮಗಳ ಮದುವೆಗೂ ಹೋಗಿರಲಿಲ್ಲ.

ಇಲ್ಲಿಯೂ ಅದೇ ಬುದ್ಧಿ. ಚಾಪೆ ಕಂಡರೆ ಮೆಷಿನ್ನಿನಲ್ಲಿ ನೇಯ್ದದ್ದು ಎಂದ. ಹೆಂಡತಿಯ ಬುಟ್ಟಿಯನ್ನೂ ಬದಲಾಯಿಸಿರಬಹುದೆಂದು ಗಾಜಿಗೆ ಮೂಗು ತಾಗಿಸಿ ನೋಡಿದ.

ಹಳೆಯ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿದ ಬುಟ್ಟಿ. ಅಂದಕ್ಕೆಂದು ಮೇಲೆ ಕಾಗದದ ಚೂರುಗಳನ್ನು ಅಂಟಿಸಿದ್ದಳು. ಒಂದು ಚೂರಿನಲ್ಲಿ ಗುಂಡು ಅಕ್ಷರದ ಬರಹವಿತ್ತು: ‘ಬಾವಿ ಕಡೆಯ ತೋಟ ಪಿಳ್ಳಪ್ಪನಿಗೆ.’ ಅದು ಅಪ್ಪನ ಕೈಬರಹ.

ಲಕ್ಕಣ್ಣ ಹೆಂಡತಿಯತ್ತ ತಿರುಗಿದ. “ಈ ಕಾಗ್ದ ನಿಂಗೆಲ್ಲಿ ಸಿಕ್ತು?”

“ಬೀರು ತಳದಾಗೆ ಹಳೇ ಕರೆಂಟ್ ಬಿಲ್ ಕಟ್ಟು ಇತ್ತಲ್ಲ, ಅದ್ರಾಗೆ. ರದ್ದಿ, ತಗೊಂಡೋಗು ಅಂತ ನೀವೇ ಕೊಟ್ರಿ. ಸೈನ್ ಆಕೋದ್ ಬಿಟ್ರೆ ನಂಗೆಲ್ಲಿ ಓದಕ್ ಬರ್ತದೆ?”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಷ್ಟೇ ಅಲ್ಲ, ಒಡಹುಟ್ಟಿದವನನ್ನೇ ಕಳ್ಳನೆಂದಿದ್ದ. ನಾಚಿಕೆಯಿಂದ ಕುಗ್ಗಿಹೋಗಿ, ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದ.

“ಪಾಲುಪಟ್ಟಿ ಸಿಕ್ತು ಕಣೋ. ನೀನಲ್ಲ, ನಾನೇ ಕಳ್ದಿದ್ದು. ಹೆಂಡ್ರು ಬುಟ್ಟಿಗೆ ಅಂಟ್ಸವ್ಳೆ, ಯಲಹಂಕದ್ ಮ್ಯೂಸಿಯಂನಾಗೆ ಐತೆ. ಬಾವಿ ಕಡೆ ನಿಂದು ಅಂತ ಅಪ್ಪ ಬರ್ದವ್ನೆ.”



“ಈಗ್ಲೇ ಬತ್ತೀನಿ,” ಎಂದ ಪಿಳ್ಳಪ್ಪ. “ಅಲ್ಲೀಗಂಟ ನೀನು ಅದ್ರ ತಾವ ನಿಂತ್ಕೋಬೇಡ, ಅಣ್ಣ. ಆಚೆ ಓಗಿರು. ಅತ್ತಿಗೆ ನೋಡ್ಕೊಳ್ಲಿ.”

ಮಾತು ಎದೆಗೆ ನಾಟಿತು. ಆದರೆ ಒಂದು ವರ್ಷ ತಾನು ಬಿತ್ತಿದ್ದು ಇದನ್ನೇ. ಸಿಟ್ಟು ಮಾಡಲು ಲಕ್ಕಣ್ಣನಿಗೆ ಮುಖವಿರಲಿಲ್ಲ. ಸುಮ್ಮನೆ ಹೊರಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ಕಾವಲಿನವನನ್ನು ಕರೆದ.

“ನನ್ ತಮ್ಮ ಬರೋಗಂಟ ನನ್ನ ಒಳಕ್ ಬಿಡ್ಬೇಡಪ್ಪ,” ಎಂದ.