ಅಂಟಿಸದೆ ಬಿಟ್ಟ ಏಳು ಅಂಗಡಿ

ಆಫೀಸಿನಲ್ಲಿ ಅವನಿಗೆ ಅಂಟಣ್ಣ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಬೆರಳ ತುದಿಯಲ್ಲಿ ಒಣಗಿದ ಅಂಟು ಹೊತ್ತು ತಿರುಗುವವನಿಗೆ ಬೇರೆ ಇನ್ನೇನು ಹೆಸರಿಟ್ಟಾರು? ಕಟ್ಟಡಗಳ ನಕ್ಷೆ ಮಾಡುವ ಆಫೀಸು ಅದು. ಸಮುದ್ರದಾಚೆಯ ಎಷ್ಟೋ ನಗರಗಳ ಚೌಕ, ಸೇತುವೆ, ಸಂಗ್ರಹಾಲಯಗಳು ಮೊದಲು ಹುಟ್ಟುತ್ತಿದ್ದುದು ಅಲ್ಲಿನ ಮೇಜುಗಳ ಮೇಲೆ. ಆದರೆ ನಕ್ಷೆ ನೋಡಿ ಅರ್ಥ ಮಾಡಿಕೊಳ್ಳುವವರು ಎಷ್ಟು ಮಂದಿ? ಬಂಡವಾಳ ಹೂಡುವವರಿಗೆ, ನಗರಸಭೆಯವರಿಗೆ, ದೇಶ ದೇಶಗಳಿಂದ ವಿಮಾನ ಹತ್ತಿ ಬರುವ ತೀರ್ಪುಗಾರರಿಗೆ ಅದನ್ನೇ ಮರದಲ್ಲಿ, ರಟ್ಟಿನಲ್ಲಿ ಪುಟ್ಟದಾಗಿ ಮಾಡಿ ತೋರಿಸಬೇಕು. ಆ ಮಾದರಿಗಳನ್ನು ಮಾಡುತ್ತಿದ್ದವನು ಅಂಟಣ್ಣ. ಬಿಗಿದುಕೊಂಡು ಓಡಾಡುವ ದೊಡ್ಡ ಮನುಷ್ಯರು ಅವನ ಮಾದರಿಯ ಮುಂದೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಕಾಳಿನಷ್ಟು ಕಿಟಕಿಗಳೊಳಗೆ ಇಣುಕುವುದನ್ನು ಎಷ್ಟು ಸಲ ನೋಡಿದ್ದನೋ. ನೋಡಿದಾಗೆಲ್ಲ ಒಳಗೊಳಗೇ ಹಿಗ್ಗುತ್ತಿದ್ದ.

ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಉಳಿಯುವ ಕಟ್ಟಡಗಳನ್ನು ಮಾದರಿಯ ಹಲಗೆಗೆ ಅಂಟಿಸಬೇಕು. ಕೆಡವಲಿರುವ ಕಟ್ಟಡಗಳನ್ನು ಅಂಟಿಸಬಾರದು. ಅವುಗಳ ತಳಕ್ಕೆ ಎರಡು ತೂತು ಕೊರೆದು, ಹಲಗೆಯಿಂದ ಮೇಲೆದ್ದ ಎರಡು ಪಿನ್ನುಗಳ ಮೇಲೆ ಕೂರಿಸಬೇಕು. ಹೊರಗಿನಿಂದ ನೋಡಿದರೆ ಎರಡಕ್ಕೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅಂತಿಮ ಸಭೆಯಲ್ಲಿ ಆಫೀಸಿನ ಒಡತಿ, ಅಂದರೆ ಎಲ್ಲರೂ ಮೇಡಂ ಎನ್ನುವ ಹೆಸರಾಂತ ವಾಸ್ತುಶಿಲ್ಪಿ, ಎರಡೇ ಬೆರಳಲ್ಲಿ ಹಳೆಯದನ್ನು ಎತ್ತಿ ಪಕ್ಕಕ್ಕಿಟ್ಟು, ಅದೇ ಪಿನ್ನುಗಳ ಮೇಲೆ ಹೊಸದನ್ನು ಕೂರಿಸುತ್ತಿದ್ದರು. ಧೂಳಿಲ್ಲ, ಸದ್ದಿಲ್ಲ, ಅಳುವಿಲ್ಲ. ಸಭೆ ತಲೆದೂಗುತ್ತಿತ್ತು.

ಮೂರು ತಿಂಗಳ ಹಿಂದೆ ಅವನ ಮೇಜಿಗೆ ಬಂದ ನಕ್ಷೆ ದೂರದ ಯಾವ ನಗರದ್ದೂ ಆಗಿರಲಿಲ್ಲ. ಅವನದೇ ನಗರ, ಹಳೆಯ ಬಂದರಿನ ಹಿಂದಿನ ಬೀದಿ. ಹೊರದೇಶದ ಕಂಪನಿಯೊಂದು ಅಲ್ಲಿ ಹೋಟೆಲು, ಅದರ ಮುಂದೊಂದು ವಿಶಾಲವಾದ ಚೌಕ ಮಾಡಿಸಲು ಹೊರಟಿತ್ತು. ಚೌಕ ಬರುವ ಜಾಗದಲ್ಲಿ ಏಳು ಅಂಗಡಿಗಳ ಒಂದು ಸಾಲು. ಆ ಸಾಲಿನ ಸುತ್ತ ಚುಕ್ಕೆ ಚುಕ್ಕೆ ಗೆರೆ ಎಳೆದಿತ್ತು. ಚುಕ್ಕೆ ಗೆರೆ ಎಂದರೆ ತೆಗೆದುಹಾಕುವುದು ಎಂದು ಅರ್ಥ. ಸಾಲಿನ ಮೂರನೆಯ ಅಂಗಡಿ ಅವನ ಅತ್ತಿಗೆಯದು.

ಅತ್ತಿಗೆ ಎಂದರೆ ಬರೀ ಅಣ್ಣನ ಹೆಂಡತಿ ಅಂದುಕೊಳ್ಳಬೇಡಿ. ಅಣ್ಣ ತೀರಿಕೊಂಡಾಗ ಇವನಿಗೆ ಹನ್ನೊಂದು, ಅವಳಿಗೆ ಇಪ್ಪತ್ತನಾಲ್ಕು. ತವರಿನವರು ಕರೆದರೂ ಹೋಗದೆ, ಗಂಡ ಬಿಟ್ಟುಹೋದ ಬಟನ್ ಅಂಗಡಿಯನ್ನೂ ಮೈದುನನನ್ನೂ ಒಟ್ಟಿಗೇ ಸಾಕಿದವಳು. ಎರಡಾಳು ಒಟ್ಟಿಗೆ ನಿಂತರೆ ಉಸಿರು ಕಟ್ಟುವಂಥ ಅಂಗಡಿ ಅದು. ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರುಗಳು, ಒಳಗೇನಿದೆ ಎಂದು ಗೊತ್ತಾಗಲೆಂದು ಒಂದೊಂದರ ಮುಖಕ್ಕೂ ಒಂದೊಂದು ಬಟನ್ ಕಟ್ಟಿತ್ತು. ಹಡಗಿನವರು, ದರ್ಜಿಗಳು, ನಾಟಕದ ಕಂಪನಿಯವರು ಎಲ್ಲಿಂದಲೋ ಹುಡುಕಿಕೊಂಡು ಬರುತ್ತಿದ್ದರು. ಚಿಪ್ಪಿನ ಬಟನ್ ಯಾವುದು, ಪ್ಲಾಸ್ಟಿಕ್ಕಿನದು ಯಾವುದು ಎಂದು ಅವಳು ತುಟಿಗೆ ತಾಗಿಸಿ ಹೇಳುತ್ತಿದ್ದಳು. ಚಿಪ್ಪು ತಣ್ಣಗಿರುತ್ತದೆಯಂತೆ. ಅಂಟಣ್ಣ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಮಧ್ಯಾಹ್ನದ ಊಟ ಆ ಅಂಗಡಿಯಲ್ಲೇ, ಅತ್ತಿಗೆಯ ಡಬ್ಬಿಯಿಂದಲೇ.

ಅವನು ನಕ್ಷೆ ನೋಡಿದ ದಿನವೂ ಹೋಗಿ ಉಂಡ. ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಮೂರು ತಿಂಗಳಾಯಿತು. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆ. ಅದಕ್ಕಿಂತ ನಾಚಿಕೆಗೇಡಿನ ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡೋಣ: ಆ ಮಾದರಿ ಅವನ ಕೈಯಲ್ಲಿ ಅದ್ಭುತವಾಗಿ ಬರುತ್ತಿತ್ತು. ಹುಟ್ಟಿ ಬೆಳೆದ ಬೀದಿ. ಯಾವ ಮಾಳಿಗೆ ಎಷ್ಟು ವಾಲಿದೆ, ಯಾವ ಕೊಳವೆ ಎಲ್ಲಿ ಸೊಟ್ಟಗಿದೆ ಎಂದು ಅಳತೆ ಪಟ್ಟಿಯನ್ನು ಕೇಳಬೇಕಾಗಿರಲಿಲ್ಲ. ಅತ್ತಿಗೆಯ ಅಂಗಡಿಯನ್ನು ಹೆಬ್ಬೆರಳಿನ ಅಗಲಕ್ಕೆ ಮಾಡಿದ. ಸವೆದ ಮೆಟ್ಟಿಲನ್ನೂ ಅರದಿಂದ ತೀಡಿ ತೋರಿಸಿದ. ಮಾದರಿಗೆ ಬಣ್ಣ ಹಾಕುವ ಪದ್ಧತಿ ಅಲ್ಲಿರಲಿಲ್ಲ, ಎಲ್ಲವೂ ಬರೀ ಮರದ ಬಣ್ಣ. ಆದರೂ ಅವಳ ಬಾಗಿಲಿಗೆ ಮಾತ್ರ ಒಂದೇ ಕೂದಲಿನ ಕುಂಚದಲ್ಲಿ ನೀಲಿ ಹಚ್ಚಿದ. ಆಮೇಲೆ ಅದನ್ನು ಮಗುಚಿ ಹಾಕಿ, ತಳಕ್ಕೆ ಎರಡು ತೂತು ಕೊರೆದ.

ಮೇಡಂ ನೀಲಿ ಬಾಗಿಲು ನೋಡಿ ಬೈಯುತ್ತಾರೆ ಅಂದುಕೊಂಡಿದ್ದ. ಅವರು ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಚೆನ್ನಾಗಿದೆ, ಇರ್ಲಿ. ಜನಕ್ಕೆ ಅವರವರ ಮನೆ ಕಂಡ್ರೆ ಸಾಕು, ಗಲಾಟೆ ಮಾಡಲ್ಲ," ಎಂದರು. "ಪ್ರದರ್ಶನದಲ್ಲಿ ಹಳೇ ಸಾಲನ್ನೇ ಇಡೋಣ. ತೆಗೆಯೋದು ಕೊನೇ ಸಭೆಗಾಯ್ತು. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ, ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ವಿವರಿಸೋದು ನಿಮ್ಮ ಕೆಲಸ ಅಲ್ಲ."

ಹಾಗೆ ಮಾದರಿ ನಗರಸಭೆಯ ಹಜಾರಕ್ಕೆ ಬಂತು. ಪ್ರದರ್ಶನ ಎರಡು ವಾರ. ಮೋಸ ಎನ್ನುವಂತಿಲ್ಲ, ಗೋಡೆಯ ಮೇಲೆ ನಕ್ಷೆ ತೂಗುಹಾಕಿತ್ತು, ಅದರಲ್ಲಿ ಚುಕ್ಕೆ ಗೆರೆ ಇತ್ತು. ಚುಕ್ಕೆ ಗೆರೆಯ ಅರ್ಥವೂ ಮೂಲೆಯಲ್ಲಿ ಸಾಸಿವೆಯಂಥ ಅಕ್ಷರದಲ್ಲಿತ್ತು. ಆಕ್ಷೇಪಣೆ ಇದ್ದವರು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆಯಬಹುದು. ಏಳು ಅಂಗಡಿಗಳಲ್ಲಿ ನಾಲ್ಕರ ಮಾಲೀಕರು ಖುದ್ದಾಗಿ ಬಂದು ಬರೆದರೆ ಯೋಜನೆಯನ್ನು ತಡೆಹಿಡಿದು ವಿಚಾರಣೆ ನಡೆಸಬೇಕು. ಇಲ್ಲದಿದ್ದರೆ ನೇರ ಅಂತಿಮ ಸಭೆಗೆ. ಕೊನೆಯ ಗಡುವು ಎರಡನೇ ವಾರದ ಶುಕ್ರವಾರ, ಸಂಜೆ ಐದು ಗಂಟೆ.

ಆ ವಾರದ ಸೋಮವಾರ ಅತ್ತಿಗೆ ಬಂದಳು. ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ನೀಟಾಗಿ ಬಾಚಿಕೊಂಡು, ಮೈದುನನ ಕೈಕೆಲಸ ನೋಡಲೆಂದೇ ಬಂದಿದ್ದಳು. ಮಾದರಿಯ ಮುಂದೆ ಬಗ್ಗಿದವಳು ಎಷ್ಟೋ ಹೊತ್ತು ಮೇಲೇಳಲಿಲ್ಲ.

"ನಮ್ಮ ಬಾಗಿಲು ಕಣೋ ಇದು. ಮೆಟ್ಟಿಲು ಸವೆದಿರೋದನ್ನೂ ಬಿಟ್ಟಿಲ್ವಲ್ಲ ನೀನು."

ಅವನು ನಕ್ಕ. ನಗು ಮುಖದ ಮೇಲೆ ನಿಲ್ಲಲಿಲ್ಲ.

"ನಮ್ಮ ಸಾಲಿನ ಬೀಗದಂಗಡಿಯವನು ಸುಮ್ನೆ ಎಲ್ಲರನ್ನೂ ಹೆದರಿಸ್ತಿದ್ದ. ನಾಲ್ಕು ಜನ ಹೋಗಿ ಬರೆದು ಬರೋಣ ಅಂತ ಒಂದೇ ಸಮ ತಲೆ ತಿಂತಿದ್ದ," ಎಂದಳು ಅತ್ತಿಗೆ. "ನಮ್ಮ ಸಾಲು ಇಲ್ಲೇ ಇದೆಯಲ್ಲ. ನಾನೇ ಕಣ್ಣಾರೆ ನೋಡ್ದೆ ಅಂತ ಹೇಳ್ತೀನಿ."

ಪಕ್ಕದಲ್ಲೇ ಆಫೀಸಿನವರೊಬ್ಬರು ನಿಂತಿದ್ದರು. ಅಂಟಣ್ಣ ಮಾದರಿಯ ಮರವೊಂದನ್ನು ಸುಮ್ಮನೆ ಸರಿಮಾಡುತ್ತಾ, "ನಿಧಾನಕ್ಕೆ ನೋಡಿ ಅತ್ತಿಗೆ," ಎಂದ. ಅವಳು ನೋಡಿದಳು, ಮುಖ ಅರಳಿಸಿಕೊಂಡು ಹೋದಳು. ಮೂವತ್ತೇಳು ವರ್ಷದ ವ್ಯಾಪಾರದಲ್ಲಿ ಒಂದು ಸುಳ್ಳು ಬಟನ್ನನ್ನೂ ಯಾರೂ ಅವಳಿಗೆ ದಾಟಿಸಲು ಆಗಿರಲಿಲ್ಲ. ಇಲ್ಲಿ ಅವಳು ಪರೀಕ್ಷೆ ಮಾಡಲೇ ಇಲ್ಲ, ಯಾಕೆಂದರೆ ಮಾದರಿ ಮಾಡಿದ ಕೈ ಮನೆಯದು.

ಶುಕ್ರವಾರ ಅವನು ಊಟಕ್ಕೆ ಹೋಗುವಾಗ ಎರಡೂವರೆ ದಾಟಿತ್ತು. ಅತ್ತಿಗೆ ಡಬ್ಬಿ ಬಿಚ್ಚಿ ಬಡಿಸುತ್ತಾ ಬೀದಿಯ ಸುದ್ದಿ ಹೇಳಿದಳು. ಫೋಟೋ ಚೌಕಟ್ಟಿನವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಾವನ ಮನೆಗೆ ಹೋದನಂತೆ. ದಾರದಂಗಡಿಯವನೂ ಅವನ ಪಕ್ಕದವನೂ ಸರಕು ತರಲು ಬೇರೆ ಊರಿಗೆ ಹೊರಟರಂತೆ.

"ಇವತ್ತು ಕೊನೇ ದಿನ, ಬರೆದೇ ಹೋಗೋಣ ಅಂತ ನಿಂತಿದ್ರು," ಎಂದಳು. "ನಾನೇ ಕಳಿಸ್ದೆ. ನನ್ನ ಮೈದುನ ಮಾಡಿರೋದು, ನಮ್ಮ ಸಾಲಿಗೆ ಏನೂ ಆಗಲ್ಲ, ನಿಶ್ಚಿಂತೆಯಾಗಿ ಹೋಗ್ಬನ್ನಿ ಅಂದೆ."

ತನ್ನ ಒಂದು ಮೌನ ಇಷ್ಟು ದೂರ ನಡೆದುಹೋಗಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ತಿಳಿದುಕೊಳ್ಳಲು ಹೋಗಿರಲಿಲ್ಲ, ಅಷ್ಟೆ.

"ಅತ್ತಿಗೆ, ಬಾಗಿಲು ಹಾಕಿ. ಈಗಲೇ ನನ್ನ ಜೊತೆ ಬನ್ನಿ," ಎಂದು ತಟ್ಟೆ ಬಿಟ್ಟು ಎದ್ದ.

"ಉಂಡಾದ್ರೂ ಏಳೋ."

"ಬನ್ನಿ ಅತ್ತಿಗೆ."

ದಾರಿಯುದ್ದಕ್ಕೂ ಅವಳು ಏನೆಂದು ಕೇಳಿದಳು. ಅವನು ಇನ್ನಷ್ಟು ಬಿರುಸಾಗಿ ಹೆಜ್ಜೆ ಹಾಕಿದ. ಹಜಾರ ಸೇರುವಾಗ ಮೂರೂವರೆ. ಶಾಲೆಯ ಮಕ್ಕಳ ಗುಂಪೊಂದು ಆಗಷ್ಟೇ ಹೊರಗೆ ಹೋಗುತ್ತಿತ್ತು. ಅವನು ಮಾದರಿಯ ಸುತ್ತ ಕಟ್ಟಿದ ಹಗ್ಗ ದಾಟಿ, ಅವಳನ್ನೂ ಒಳಗೆ ಕರೆದುಕೊಂಡ. ಎರಡು ಬೆರಳು ಚಾಚಿ ನೀಲಿ ಬಾಗಿಲಿನ ಅಂಗಡಿಯನ್ನು ಮೆಲ್ಲಗೆ ಎತ್ತಿದ. ಅದು ಸದ್ದಿಲ್ಲದೆ ಮೇಲೆ ಬಂತು. ಪಕ್ಕದ್ದನ್ನು ಎತ್ತಿದ, ಅದರ ಪಕ್ಕದ್ದನ್ನೂ ಎತ್ತಿದ. ಏಳೂ ಬಂದವು. ಇದ್ದ ಜಾಗದಲ್ಲಿ ಹದಿನಾಲ್ಕು ಪಿನ್ನು ನಿಂತಿದ್ದವು. ಎದುರು ಸಾಲಿನ ಕಟ್ಟಡವೊಂದನ್ನು ಹಿಡಿದು ಅಲ್ಲಾಡಿಸಿ ತೋರಿಸಿದ. ಅದು ಕದಲಲಿಲ್ಲ.

"ಉಳಿಯೋದನ್ನ ಅಂಟಿಸ್ತೀವಿ ಅತ್ತಿಗೆ. ಹೋಗೋದನ್ನ ಹೀಗೆ ಇಡ್ತೀವಿ."

ಅವಳು ತನ್ನ ಅಂಗಡಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಮಗುಚಿ ತಳದ ತೂತುಗಳನ್ನು ನೋಡಿದಳು.

"ಯಾವಾಗಿಂದ ಗೊತ್ತು ನಿನಗೆ?"

"ಮೂರು ತಿಂಗಳು."

"ದಿನಾ ನನ್ನೆದುರು ಕೂತು ಉಂಡು ಹೋಗ್ತಿದ್ದೆ."

"ಹೂಂ."

ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ. "ಅಂಗಡಿ ಹೋದ್ರೆ ಹೋಗ್ಲಿ," ಎಂದಳು. "ನನ್ನ ಬಾಯಿಂದ ಸುಳ್ಳು ಹೇಳಿಸಿಬಿಟ್ಯಲ್ಲೋ. ಅವರೆಲ್ಲ ನನ್ನ ಮುಖ ನೋಡಿ ಸುಮ್ನಾದ್ರು."

ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಇದಕ್ಕೆ ಸಿದ್ಧನಾಗಿರಲಿಲ್ಲ. ಅವಳು ಆಗಲೇ ಚೀಲದಿಂದ ಫೋನು ತೆಗೆದು ಒಬ್ಬೊಬ್ಬರಿಗೇ ಮಾಡತೊಡಗಿದ್ದಳು. ಬೀಗದವನು ಕೈಯಲ್ಲಿನ ಕೆಲಸ ಹಾಗೇ ಬಿಟ್ಟು ಓಡಿಬಂದ. ಕನ್ನಡಕದಂಗಡಿಯ ಮಂಡಿನೋವಿನ ಅಜ್ಜ ಏದುಸಿರು ಬಿಡುತ್ತಾ ಬಂದು ಕುರ್ಚಿ ಹುಡುಕಿದರು. ಊರಲ್ಲಿಲ್ಲದ ಮೂವರೂ ಐದರೊಳಗೆ ಬರುವಷ್ಟು ಹತ್ತಿರದಲ್ಲಿರಲಿಲ್ಲ. ಏಳನೆಯ ಅಂಗಡಿಯವರ ಫೋನು ರಿಂಗಾಗುತ್ತಲೇ ಇತ್ತು.

"ನೀವೇ ಹೇಳಿದ್ರಲ್ಲ ಅಕ್ಕ," ಎಂದ ಬೀಗದವನು. ಸಿಟ್ಟಿನಿಂದಲ್ಲ, ಅರ್ಥವಾಗದೆ ಕೇಳಿದ್ದು. ಅತ್ತಿಗೆ ತಲೆ ತಗ್ಗಿಸಿದಳು. ಅವಳು ಯಾರ ಮುಂದಾದರೂ ತಲೆ ತಗ್ಗಿಸಿದ್ದನ್ನು ಅಂಟಣ್ಣ ನೋಡಿದ್ದು ಅದೇ ಮೊದಲು.

ಅತ್ತಿಗೆ, ಬೀಗದವನು, ಅಜ್ಜ ಮೂವರೂ ಪುಸ್ತಕದಲ್ಲಿ ಬರೆದರು. ನಾಲ್ಕೂಮುಕ್ಕಾಲಾಯಿತು. ಪುಸ್ತಕದ ಹಿಂದೆ ಕೂತಿದ್ದ ಗುಮಾಸ್ತೆ, ತಲೆ ನರೆತ ಹೆಂಗಸು, ಹೆಸರುಗಳ ಮೇಲೆ ಬೆರಳಾಡಿಸಿದಳು.

"ಮೂರೇ ಆಯ್ತಲ್ಲ. ನಾಲ್ಕಾಗ್ಬೇಕು."

"ಬೇರೆಯವರು ಸೋಮವಾರ ಬರ್ತಾರಮ್ಮ," ಎಂದರು ಅಜ್ಜ. "ನಮಗೆ ಗೊತ್ತಾಗಿದ್ದೇ ಈಗ."

"ಗೊತ್ತಾಗ್ಲಿಲ್ಲ ಅಂದ್ರೆ ನಡೆಯಲ್ಲ ತಾತ. ನಕ್ಷೆ ಗೋಡೆ ಮೇಲೇ ಇದೆ." ಗುಮಾಸ್ತೆ ದನಿ ತಗ್ಗಿಸಿ ಹೇಳಿದಳು. "ಪ್ರದರ್ಶನವೇ ಜನರ ದಾರಿ ತಪ್ಪಿಸೋ ಹಾಗಿದೆ ಅಂತ ಬರೆದ್ರೆ ಅದು ಬೇರೆ. ಅದಕ್ಕೆ ಒಬ್ಬರೇ ಸಾಕು, ಗಡುವೂ ಮುಂದಕ್ಕೆ ಹೋಗುತ್ತೆ. ಆದ್ರೆ ನೋಡಿದವರು ಬರೆದ್ರೆ ಆಗಲ್ಲ. ಮಾಡಿದವರ ಕಡೆಯವರೇ ಬರೀಬೇಕು. ಅದು ಯಾರು ಬರೀತಾರೆ ಹೇಳಿ."

ಯಾರೂ ಅಂಟಣ್ಣನ ಕಡೆ ನೋಡಲಿಲ್ಲ. ಅತ್ತಿಗೆಯಂತೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬರಿ ಎಂದು ಅವಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬರೆದರೆ ಸೋಮವಾರ ಆ ಆಫೀಸಿನಲ್ಲಿ ತನ್ನ ಮೇಜು ಇರುವುದಿಲ್ಲ, ಈ ಕೆಲಸಕ್ಕೆ ಈ ನಗರದಲ್ಲಿ ಬೇರೆ ಆಫೀಸೂ ಇಲ್ಲ. ನಲವತ್ತೆಂಟರಲ್ಲಿ ಬೇರೆ ಯಾವ ಕೆಲಸಕ್ಕೂ ತನ್ನ ಕೈ ಬಗ್ಗುವುದಿಲ್ಲ. ಅದೂ ಗೊತ್ತಿತ್ತು. ಅವನು ಹೋಗಿ ಕುರ್ಚಿ ಎಳೆದುಕೊಂಡು ಕೂತ.

ಪುಸ್ತಕದಲ್ಲಿ ಹೆಸರು, ವಿಳಾಸ ಆದ ಮೇಲೆ, 'ಈ ಯೋಜನೆಗೂ ನಿಮಗೂ ಏನು ಸಂಬಂಧ' ಎಂಬ ಸಾಲಿತ್ತು. ಮಾದರಿ ಮಾಡಿದವನು ನಾನೇ, ಎಂದು ಬರೆದ. ಕೆಳಗೆ, ಕೆಡವಲಿರುವ ಏಳು ಅಂಗಡಿಗಳನ್ನು ಉಳಿಯುವ ಕಟ್ಟಡಗಳಂತೆಯೇ ಕಾಣುವ ಹಾಗೆ ಇಟ್ಟಿದ್ದೇವೆ, ಕೇಳಿದವರಿಗೆ ವಿವರಿಸಬಾರದೆಂದು ನನಗೆ ಹೇಳಲಾಗಿತ್ತು, ನಾನು ವಿವರಿಸಲಿಲ್ಲ, ಎಂದು ಬರೆದ. ಸಹಿ ಹಾಕಲು ಹೋದಾಗ ಹಿಂದೆ ಅತ್ತಿಗೆ ಬಂದು ನಿಂತಿರುವುದು ತಿಳಿಯಿತು. ಅವಳು ಬಗ್ಗಿ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು.

"ಮೂರು ತಿಂಗಳಿಂದ ಗೊತ್ತಿತ್ತು ಅಂತಾನೂ ಬರಿ," ಎಂದಳು.

ಅವನು ಅದನ್ನೂ ಬರೆದು ಸಹಿ ಹಾಕಿದ.