ಎದುರಿನ ಪೆಟ್ಟು

ಅಣ್ಣ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ತಂಗಿ ಸುತ್ತಿಗೆ ಹಿಡಿಯುತ್ತೇನೆಂದು ಹೊರಟಳು. ಅವಳಿಗೆ ಸೂಜಿ ಎಂದು ಅಡ್ಡಹೆಸರಿಟ್ಟವನೂ ಆ ಅಣ್ಣನೇ. ಮೈ ಕಡ್ಡಿಯಂತೆ, ಕಸುಬು ಹೊಲಿಗೆ, ಮಾತು ಚುಚ್ಚುವಂಥದ್ದು. ಬೇರೆ ಹೆಸರು ಯಾರಿಗೂ ನೆನಪೇ ಉಳಿಯಲಿಲ್ಲ. ಪ್ರಾಯವೆಲ್ಲ ಹೊಲಿಗೆಯ ಮೆಷಿನ್ ಮುಂದೆ ಸವೆದುಹೋಗಿ, ಈಗ ದಾರ ಪೋಣಿಸುವಾಗ ಕಣ್ಣು ಸತಾಯಿಸುತ್ತಿತ್ತು. ಬರುವ ಗಿರಾಕಿಗಳೂ ಹರಿದ ಜೇಬು, ಕಿತ್ತುಬಂದ ಗುಂಡಿ ಹಿಡಿದುಕೊಂಡೇ ಬರುತ್ತಿದ್ದರು. ತಾಮ್ರದ ಬಟ್ಟಲು ಮಾಡಿದರೆ ಯಾರೂ ಜಿಪ್ ಹಾಕಿಕೊಡಿ ಎಂದು ವಾಪಸ್ಸು ತರುವುದಿಲ್ಲ ಎಂದು ಅವಳು ಕೇಳಿದವರಿಗೆಲ್ಲ ಹೇಳಿ ನಗುತ್ತಿದ್ದಳು.

ಒಳಗಿನ ಮಾತೇ ಬೇರೆ. ಅಣ್ಣನ ಕುಲುಮೆ ಅವರು ಮೊದಲಿದ್ದ ಹಳೆಯ ಮನೆಗೆ ಅಂಟಿಕೊಂಡೇ ಇತ್ತು. ಗೋಡೆಯ ಈಚೆ ಅವಳ ಮೆಷಿನ್, ಆಚೆ ಅವನ ಬೆಂಕಿ. ಕಿಡಿ ಹಾರಿ ಗಿರಾಕಿಗಳ ಬಟ್ಟೆ ಸುಟ್ಟೀತು ಎಂದು ಅಣ್ಣ ಬಾಗಿಲು ಹಾಕಿಕೊಂಡೇ ಕೆಲಸ ಮಾಡುತ್ತಿದ್ದ. ಅತ್ತಿಗೆಯೊಬ್ಬಳು ಮಾತ್ರ ಬೆಂಕಿಗೆ ಗಾಳಿ ಊದುವ ಚಕ್ರ ತಿರುಗಿಸಲೆಂದು ಒಳಗೆ ಹೋಗುತ್ತಿದ್ದಳು. ಸೂಜಿಯ ಪಾಲಿಗೆ ಬಂದದ್ದು ಬರೀ ಸದ್ದು. ಆ ಸದ್ದಿನ ಮೇಲೆಯೇ ಅವಳ ಕಾಲು ಮೆಷಿನ್ ತುಳಿಯುತ್ತಿತ್ತು.

ಅಣ್ಣ ಕೆಲಸದ ನಡುವೆಯೇ ಕುಸಿದುಬಿದ್ದು ಹೋದ. ಅತ್ತಿಗೆ ಅವನ ಒಂದೊಂದು ಸಾಮಾನನ್ನೂ, ಇಕ್ಕಳದಿಂದ ಹಿಡಿದು ಅರದವರೆಗೆ, ಬೇರೆ ಊರಿನ ಕಮ್ಮಾರನೊಬ್ಬನ ಗಾಡಿಗೆ ಹೇರಿಸಿ ಕಳಿಸಿಬಿಟ್ಟಳು. ಕುಲುಮೆಯಿದ್ದ ಬಾಡಿಗೆಮನೆಯನ್ನೂ ಬಿಟ್ಟಾಯಿತು. ಈಗ ಅತ್ತಿಗೆ ನಾದಿನಿ ಇಬ್ಬರೂ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಅದರ ಬೆನ್ನಿಗೆ ಒಂದು ಬಚ್ಚಲು, ಇಷ್ಟರಲ್ಲಿ ಇದ್ದರು.

ಸೂಜಿಗೆ ಉಳಿದಿದ್ದ ಜಾಗವೆಂದರೆ ಬಚ್ಚಲು. ಅತ್ತಿಗೆ ಸ್ನಾನ ಮುಗಿಸಿದ ಮೇಲೆ ನೆಲ ಒರೆಸಿ ತನ್ನ ಕಾರ್ಖಾನೆ ಹೂಡುತ್ತಿದ್ದಳು. ಲೋಹವನ್ನಿಟ್ಟು ಬಡಿಯುವ ಬಡಿಗಲ್ಲು ಕೊಳ್ಳುವ ಶಕ್ತಿ ಇರಲಿಲ್ಲ. ಗುಜರಿ ಅಂಗಡಿಯವನಿಗೆ ಪರದೆ ಹೊಲಿದುಕೊಟ್ಟು ಒಂದು ಮೊಳದ ರೈಲು ಕಂಬಿಯ ತುಂಡು ತಂದಳು. ಸದ್ದು ತಗ್ಗಲೆಂದು ಮರಳು ತುಂಬಿದ ಬಕೆಟ್ಟಿನಲ್ಲಿ ಅದನ್ನು ಹೂತಿಟ್ಟಳು. ಮರದ ಕೊರಡಿನಲ್ಲಿ ಒಂದು ಗುಳಿ ತೋಡಿದಳು. ಹಳೆಯ ನೀರೊಲೆಯ ಹಂಡೆಯೊಂದನ್ನು ಕತ್ತರಿಸಿದ ತಾಮ್ರದ ತಗಡು, ಅದನ್ನು ಕಾಯಿಸಲು ಕೈಯಲ್ಲಿ ಹಿಡಿಯುವ ಸಣ್ಣ ಗ್ಯಾಸ್ ಬರ್ನರ್, ಒಂದೇ ಒಂದು ಸುತ್ತಿಗೆ. ಅದರ ಮುಖ ತರಿತರಿಯಾಗಿದ್ದುದರಿಂದ ಮೆಟ್ಟಿಲ ಕಲ್ಲಿನ ಮೇಲೆ ಕೂತು ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು.

ದಾರಿ ತೋರಿಸಿದವನು ಬೀದಿ ಕೊನೆಯ ತಗಡಿನ ತಾತ. ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕುವುದು ಅವನ ಕಸುಬು. ಮೊದಲ ತಗಡನ್ನು ಅವಳು ತಣ್ಣಗಿರುವಾಗಲೇ ಬಡಿದು ಬಡಿದು ಅಂಚು ಸೀಳಿಸಿದ್ದಳು. ತಾತ ಅದನ್ನು ಬೆಳಕಿಗೆ ಹಿಡಿದು, ಇದರಲ್ಲಿ ಸಾರು ಬಡಿಸಿದರೆ ನೆಂಟರು ಬೇಗ ಎದ್ದುಹೋಗುತ್ತಾರೆ ಎಂದ. ಆಮೇಲೆ ಹೇಳಿಕೊಟ್ಟ: ತಾಮ್ರ ಪೆಟ್ಟು ತಿಂದಷ್ಟೂ ಗಟ್ಟಿಯಾಗುತ್ತದೆ, ಹಟ ಹಿಡಿಯುತ್ತದೆ. ಆಗ ಅದನ್ನು ಮಂಕು ಕೆಂಪಾಗುವ ತನಕ ಕಾಯಿಸಿ ನೀರಿಗೆ ಅದ್ದಬೇಕು, ಮತ್ತೆ ಮೆತ್ತಗಾಗುತ್ತದೆ. ಮೊದಲು ಮರದ ಗುಳಿಯಲ್ಲಿ ತಗ್ಗು ಮಾಡಬೇಕು, ಆಮೇಲೆ ಕಂಬಿಯ ಮೇಲೆ ನಯವಾಗಿ ಬಡಿದು ಸಮ ಮಾಡಬೇಕು.

ಕಂಬಿಯ ಮೇಲೆ ಬಡಿಯತೊಡಗಿದ ದಿನವೇ ಅದು ಶುರುವಾಯಿತು.

ಯಾರೂ ಹೇಳಿಕೊಡದಿದ್ದರೂ ಅವಳ ಕೈಗೆ ಒಂದು ತಾಳ ತಾನಾಗಿ ಬಂದುಬಿಟ್ಟಿತು. ತಾಮ್ರದ ಮೇಲೆ ಎರಡು ಪೆಟ್ಟು, ಬರಿಯ ಕಂಬಿಯ ಮೇಲೆ ಹಗುರಾಗಿ ಒಂದು, ಆಮೇಲೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು. ಇದು ಗೋಡೆಯಾಚೆಯಿಂದ ಕೇಳುತ್ತಿದ್ದ ಅಣ್ಣನ ತಾಳ ಎಂದು ಗುರುತು ಸಿಕ್ಕಿತು. ಕಬ್ಬಿಣ ಬಡಿಯುವವರು ಹೀಗೆ ದಣಿವಾರಿಸಿಕೊಳ್ಳುತ್ತಾರೇನೋ ಎಂದುಕೊಂಡಳು. ಮತ್ತೆ ಬಡಿದಳು. ಎರಡು, ಒಂದು, ಬಿಡುವು. ಆ ಬಿಡುವಿನೊಳಗೆ ಎಲ್ಲೋ ಧೊಪ್ ಎಂದು ಒಂದು ಪೆಟ್ಟು ಬಿತ್ತು.

ಅವಳು ಸುತ್ತಿಗೆ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಸದ್ದು ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ ಕೇಳಿಸಿತ್ತು. ಹಳೆಯ ಮನೆಯಲ್ಲೂ ಹೀಗೆಯೇ, ಹಗುರ ಪೆಟ್ಟಾದ ಮೇಲೆ ನೆಲ ಒಮ್ಮೆ ಅದುರುತ್ತಿತ್ತು, ಹೊಲಿಗೆ ಮೆಷಿನ್ನಿನ ಎಣ್ಣೆಡಬ್ಬಿ ಕುಣಿಯುತ್ತಿತ್ತು. ಕಿವಿಗೊಟ್ಟು ಕೂತಳು. ಏನೂ ಇಲ್ಲ. ಬಡಿದಳು. ಮತ್ತೆ ಬಿಡುವಿಗೆ ಸರಿಯಾಗಿ ಧೊಪ್. ಎದ್ದು ಅಡುಗೆಮನೆಗೆ ಹೋದರೆ ಅತ್ತಿಗೆ ಬಚ್ಚಲ ಗೋಡೆಗೆ ಒರಗಿ, ಸೊಪ್ಪು ಮುಂದಿಟ್ಟುಕೊಂಡು ಕೂತಿದ್ದಳು. ಏನಾದರೂ ಬಿತ್ತೇ ಎಂದು ಸೂಜಿ ಕೇಳಿದಳು. ಅತ್ತಿಗೆ ತಲೆಯೆತ್ತದೆ ಇಲ್ಲವೆಂದಳು.

ದಿನವೂ ಇದೇ ಆಯಿತು. ಸೂಜಿ ಹೆದರಿದಳು, ನಿಜ. ಆದರೆ ಹೆದರಿಕೆಯ ಅಡಿಯಲ್ಲಿ ಇನ್ನೊಂದು ಇತ್ತು. ಆ ಪೆಟ್ಟು ಬೀಳತೊಡಗಿದ ಮೇಲೆ ಅವಳ ಕೈ ತಪ್ಪುತ್ತಿರಲಿಲ್ಲ, ತಾಮ್ರ ಹೇಳಿದ ಮಾತು ಕೇಳುತ್ತಿತ್ತು. ಬಟ್ಟಲಿನ ಅಂಚು ಮೊದಲ ಸಲ ದುಂಡಗಾಗಿ ಎದ್ದುಬಂತು. ಬದುಕಿದ್ದಾಗ ತನ್ನನ್ನು ಬಾಗಿಲಾಚೆ ಇಟ್ಟಿದ್ದ ಅಣ್ಣ ಸತ್ತ ಮೇಲೆ ಎದುರಿಗೆ ಕೂರಿಸಿಕೊಂಡಿದ್ದಾನೆ ಎಂದುಕೊಳ್ಳುತ್ತ, ಬಿಡುವಿನಲ್ಲಿ ಕಣ್ಣು ಮುಚ್ಚಿ ಕಾಯುವುದು ಅವಳಿಗೆ ರೂಢಿಯಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಂತುಹೋದೀತು ಎಂಬ ಭಯ.

ಕೆಳಮನೆಯಲ್ಲಿ ಗಡಿಯಾರ ರಿಪೇರಿಯವನಿದ್ದ. ಒಂದು ಸಂಜೆ ಮೆಟ್ಟಿಲಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ನಿಮ್ಮ ಸದ್ದಿಗೆ ನನ್ನ ಗಡಿಯಾರಗಳೆಲ್ಲ ನಾಳೇಗೆ ಓಡಿಹೋಗ್ತಿವೆ ಕಣಮ್ಮ. ಒಬ್ಬರು ಬಡಿದ್ರೆ ಹೇಗೋ ತಡ್ಕೋಬಹುದು. ಇಬ್ಬರೂ ಸೇರಿ ಬಡಿದ್ರೆ ನಾನೇನು ಮಾಡ್ಲಿ?"

ಹಾಗಾದರೆ ಇದು ತನ್ನ ಕಿವಿಯ ಭ್ರಮೆಯಲ್ಲ ಎಂದುಕೊಂಡಳು ಸೂಜಿ. ಅವನು ಅಲ್ಲಿಗೇ ಬಿಡಲಿಲ್ಲ. ದನಿ ತಗ್ಗಿಸಿ, ಅತ್ತಿಗೆಯ ವಿಷಯ ತೆಗೆದ. ಆಕೆ ತನ್ನ ಒಳ್ಳೆಯ ಉಣ್ಣೆಯ ಶಾಲನ್ನು ಅವನ ಹೆಂಡತಿಗೆ ಕೊಟ್ಟುಬಿಟ್ಟಿದ್ದಳಂತೆ. ಇನ್ನು ನನಗೇಕೆ, ನಮ್ಮವರು ಬಂದಿದ್ದಾರೆ, ಬಚ್ಚಲಿನಿಂದ ದಿನಾ ಕರೆಯುತ್ತಿದ್ದಾರೆ, ಹೆಚ್ಚು ದಿನ ಕಾಯಿಸಬಾರದು ಎಂದಳಂತೆ.

ಆ ರಾತ್ರಿಯ ಊಟದಲ್ಲಿ ಸೂಜಿ ಮೊದಲ ಬಾರಿ ಸರಿಯಾಗಿ ನೋಡಿದಳು. ಅತ್ತಿಗೆ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳೇ ಹೊರತು ತುತ್ತು ಎತ್ತುತ್ತಿರಲಿಲ್ಲ. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಅಂಗೈಗಳ ಅಂಚು ಕಪ್ಪುಗಟ್ಟಿತ್ತು. ತಾನು ತಾಮ್ರದ ಅಂಚು ನೋಡುತ್ತ ಕೂತಾಗ ಈ ಹೆಂಗಸು ಎದುರಿಗೇ ಕರಗುತ್ತಿದ್ದಳು.

ಮಾರನೆಯ ದಿನದಿಂದ ಸೂಜಿ ಸುತ್ತಿಗೆ ಮುಟ್ಟಲಿಲ್ಲ. ಅದು ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ಅತ್ತಿಗೆ ಹೊತ್ತಿಗೆ ಸರಿಯಾಗಿ ಹೋಗಿ ಬಚ್ಚಲ ಗೋಡೆಗೆ ಕಿವಿಯಿಟ್ಟು ಕೂರತೊಡಗಿದಳು. ನೀರನ್ನೂ ಬೇಡವೆಂದಳು. ಯಾಕೆ ಸುಮ್ಮನಾದರು, ಕರೆದು ಕರೆದು ಸಾಕಾಗಿ ಹೊರಟುಹೋದರೇನೋ, ಬೇಗ ಹೋಗದಿದ್ದರೆ ದಾರಿಯಲ್ಲಿ ಸಿಗುವುದಿಲ್ಲ ಎಂದು ಗೋಡೆಗೇ ಹೇಳಿಕೊಳ್ಳುತ್ತಿದ್ದಳು. ಬಡಿದರೂ ಅತ್ತಿಗೆ ಕೈಬಿಟ್ಟುಹೋಗುತ್ತಾಳೆ, ಬಡಿಯದಿದ್ದರೂ ಹೋಗುತ್ತಾಳೆ. ಸೂಜಿಗೆ ಈ ಲೋಕದಲ್ಲಿ ಇನ್ನೊಬ್ಬರು ಇರಲಿಲ್ಲ.

ದಿಕ್ಕು ತೋಚದೆ ಅರ್ಧ ಮುಗಿದ ಬಟ್ಟಲನ್ನು ಬಗಲಲ್ಲಿ ಇಟ್ಟುಕೊಂಡು ತಗಡಿನ ತಾತನ ಬಳಿ ಹೋದಳು. ಮನೆಯ ಮಾತು ಬಾಯಿಗೆ ಬರಲಿಲ್ಲ. ಅಂಚು ಸಮವಾಗುತ್ತಿಲ್ಲ ಎಂದಳು. ತಾತ ತನ್ನ ಕಂಬಿಯ ಮುಂದೆ ಕೂರಿಸಿ ಬಡಿ ಎಂದ. ಎರಡು, ಒಂದು, ಬಿಡುವು. ಎರಡು, ಒಂದು, ಬಿಡುವು. ತಾತ ಸ್ವಲ್ಪ ಹೊತ್ತು ನೋಡಿ ಅವಳ ಮಣಿಕಟ್ಟು ಹಿಡಿದ.

"ಯಾರಿಗೆ ಕಾಯ್ತಿದ್ದೀಯಮ್ಮ?"

ಯಾರಿಗೂ ಅಲ್ಲ, ದಣಿವಾರಲೆಂದು ಎಂದಳು. ತಾತ ನಕ್ಕುಬಿಟ್ಟ. ತಗಡಿನ ಕೆಲಸದಲ್ಲಿ ಅಂಥ ಬಿಡುವು ಇಲ್ಲವೇ ಇಲ್ಲ, ಜಡಿಮಳೆಯ ಹಾಗೆ ಒಂದೇ ಸಮ ಬೀಳುತ್ತಿರಬೇಕು ಎಂದ. ಕಮ್ಮಾರರಲ್ಲಿ ಕೆಲವರು ಹೀಗೆ ಬಡಿಯುತ್ತಾರೆ, ಅದೂ ಎದುರಿಗೆ ದೊಡ್ಡ ಸುತ್ತಿಗೆ ಹಿಡಿದು ಇನ್ನೊಬ್ಬರು ನಿಂತಿದ್ದಾಗ ಮಾತ್ರ. ಕುಳಿತವನು ಸಣ್ಣದರಿಂದ ತಟ್ಟಿ ಕರೆಯುತ್ತಾನೆ, ನಿಂತವರು ದೊಡ್ಡದನ್ನು ಬೀಸುತ್ತಾರೆ. ನೀನು ಕರೆಯುವುದನ್ನು ಕಲಿತಿದ್ದೀಯ, ಎದುರಿಗೆ ಜನ ಇಲ್ಲ ಎಂದ.

ಅವಳು ದಾರಿಯುದ್ದಕ್ಕೂ ನಡೆದಳೋ ಓಡಿದಳೋ. ಬರೀ ಗಾಳಿಯ ಚಕ್ರ ತಿರುಗಿಸುವವಳಂತೆ! ಅತ್ತಿಗೆಯ ರವಿಕೆಗಳನ್ನೆಲ್ಲ ಹೊಲಿದವಳು ತಾನೇ ಅಲ್ಲವೇ. ಬಲಭುಜ ವರ್ಷ ವರ್ಷಕ್ಕೂ ಎಡಕ್ಕಿಂತ ತುಂಬಿಕೊಳ್ಳುತ್ತಿತ್ತು, ಬಲತೋಳಿಗೆ ಬಟ್ಟೆ ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದಳು. ಅಳತೆ ಟೇಪು ಹಿಡಿದ ಕೈಗೆ ಅಷ್ಟೆಲ್ಲ ತಿಳಿದಿತ್ತು. ಯಾಕೆ ಎಂದು ಒಂದು ದಿನವೂ ಬಾಯಿ ಕೇಳಿರಲಿಲ್ಲ. ಗೋಡೆಯಾಚೆ ಇದ್ದದ್ದು ಒಬ್ಬನ ಸದ್ದಲ್ಲ.

ಮನೆಗೆ ಬಂದವಳೇ ಅತ್ತಿಗೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಬಚ್ಚಲಿಗೆ ಕರೆತಂದು, ಸ್ನಾನದ ಮಣೆಯ ಮೇಲೆ ತನ್ನೆದುರಿಗೆ ಕೂರಿಸಿದಳು. ಎತ್ತರದ ಕಿಟಕಿಯಿಂದ ಮಧ್ಯಾಹ್ನದ ಬೆಳಕು ಕಂಬಿಯ ಮೇಲೆ ಬಿದ್ದಿತ್ತು.

"ಅತ್ತಿಗೆ, ನನ್ನ ಕೈ ನೋಡ್ತಾ ಇರಿ. ಬೇರೆಲ್ಲೂ ನೋಡ್ಬೇಡಿ."

ಬಡಿದಳು. ತಾಮ್ರದ ಮೇಲೆ ಎರಡು, ಕಂಬಿಯ ಮೇಲೆ ಒಂದು. ಅತ್ತಿಗೆಯ ಎರಡೂ ಮುಷ್ಟಿಗಳು ಒಂದರ ಮೇಲೊಂದು ಕೂತು, ಇಲ್ಲದ ಹಿಡಿಯೊಂದನ್ನು ಹಿಡಿದು, ತಲೆಯ ಮೇಲಕ್ಕೆ ಎದ್ದವು. ಅಷ್ಟು ಸೊರಗಿದ ಮೈಯಲ್ಲಿ ಆ ತೋಳುಗಳಷ್ಟೇ ಗಟ್ಟಿಯಾಗಿ ನಿಂತಿದ್ದವು. ಕೆಳಗೆ ಬಂದು ನೆಲಕ್ಕೆ ಅಪ್ಪಳಿಸಿದವು. ಧೊಪ್.

"ಕರೀತಿರೋದು ನಾನು, ಅತ್ತಿಗೆ. ಅಣ್ಣ ಅಲ್ಲ. ಗೊತ್ತಿಲ್ದೆ ಕರ್ದೆ."

ಅತ್ತಿಗೆ ಸುತ್ತಿಗೆಯನ್ನು ನೋಡಿದಳು, ಅದನ್ನು ಹಿಡಿದ ಸಣಕಲು ಬೆರಳುಗಳನ್ನು ನೋಡಿದಳು. ಅವಳ ಮಾತು ಬಿಟ್ಟುಬಿಟ್ಟು ಬಂತು. ಹೆಂಗಸು ಸುತ್ತಿಗೆ ಬೀಸುತ್ತಾಳೆಂದು ಬೀದಿಯವರು ಆಡಿಕೊಂಡಾರು ಎಂದು ಅವರು ಕುಲುಮೆಯ ಬಾಗಿಲು ಹಾಕುತ್ತಿದ್ದರಂತೆ. ಬಟ್ಟೆಗೆ ಕಿಡಿ ಹಾರುವುದೆಲ್ಲ ನೆಪ. ಕುಸಿದುಬಿದ್ದ ದಿನವೂ ಅವರು ತಟ್ಟಿ ಕರೆದಿದ್ದರು. ಇವಳು ಬೀಸಿದಳು. ಬೀಸಿದ್ದು ಇಳಿಯುವಷ್ಟರಲ್ಲಿ ಎದುರಿಗೆ ಅವರಿರಲಿಲ್ಲ, ಇಕ್ಕಳವಿರಲಿಲ್ಲ, ಕಾದ ಕಬ್ಬಿಣ ನೆಲಕ್ಕೆ ಉರುಳಿತ್ತು. ಪೆಟ್ಟು ಬರಿಯ ಬಡಿಗಲ್ಲಿನ ಮೇಲೆ ಬಿತ್ತು.

"ಸಾಕು ಅಂತ ಹೇಳ್ಲೇ ಇಲ್ಲ ಕಣೇ, ನಿಮ್ಮಣ್ಣ. ಸುತ್ತಿಗೇನ ಅಡ್ಡ ಮಲಗಿಸಿದ್ರೆ ಸಾಕು ಅಂತ ಅರ್ಥ. ಅದಾಗೋ ತನಕ ನಾನು ನಿಲ್ಸೋ ಹಾಗಿಲ್ಲ. ಇವತ್ತಿಗೂ ಅವರು ಮಲಗಿಸಿಲ್ಲ."

ಅತ್ತಿಗೆಯ ಕೈಗಳು ಮತ್ತೆ ಮೇಲಕ್ಕೆ ಹೋಗಿದ್ದವು. ಯಾರೂ ಕರೆದಿರಲಿಲ್ಲ, ಆದರೂ ತಲೆಯ ಮೇಲೆ ಹಾಗೇ ನಿಂತಿದ್ದವು.

ಸೂಜಿ ಸುತ್ತಿಗೆಯನ್ನು ನೋಡಿದಳು. ಇದನ್ನು ಮಲಗಿಸಿದರೆ ಏನು ಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸದ್ದು ಅತ್ತಿಗೆಯದು ಎಂದು ತಿಳಿದ ಮೇಲೂ, ಬಿಡುವಿನಲ್ಲಿ ಕಣ್ಣು ಮುಚ್ಚಿದರೆ ಎದುರಿಗೆ ಕೂರುತ್ತಿದ್ದವನು ಅಣ್ಣನೇ. ಒಂದು ಗಳಿಗೆ, ಒಂದೇ ಗಳಿಗೆ, ಇನ್ನೊಮ್ಮೆ ಕರೆಯಬೇಕೆನಿಸಿತು. ಬೆರಳು ಹಿಡಿಯನ್ನು ಬಿಗಿಯಿತು ಕೂಡ.

ಆಮೇಲೆ ಸುತ್ತಿಗೆಯನ್ನು ಕಂಬಿಯ ಮೇಲೆ ಅಡ್ಡ ಮಲಗಿಸಿದಳು. ಉಕ್ಕಿಗೆ ಉಕ್ಕು ತಾಗಿದ ಸಣ್ಣ ಸದ್ದು ಬಂದು ಮರಳಿನಲ್ಲಿ ಇಂಗಿತು.

ಅತ್ತಿಗೆಯ ತೋಳುಗಳು ನಿಧಾನವಾಗಿ, ಭಾರದ್ದೇನನ್ನೋ ಪಕ್ಕಕ್ಕೆ ಒರಗಿಸಿಡುವಂತೆ ಇಳಿದವು. ಅವಳು ಅಳಲಿಲ್ಲ. ಎದ್ದು ನಲ್ಲಿ ತಿರುಗಿಸಿ ಮೊಣಕೈ ತನಕ ತೊಳೆದಳು, ಉಗುರ ಸಂದಿಗಳನ್ನೂ ಬಿಡದೆ, ಮಸಿಯ ಕೆಲಸ ಮುಗಿಸಿದವರು ತೊಳೆಯುವ ಹಾಗೆ. ಕೈ ಒರೆಸಿಕೊಂಡು, ನಿನ್ನೆಯ ಅಡುಗೆ ಏನಾದರೂ ಉಳಿದಿದೆಯೇ ಎಂದು ಕೇಳಿದಳು. ಸೂಜಿ ಬಿಸಿ ಮಾಡಿಕೊಟ್ಟದ್ದನ್ನು ಕಾಲು ಚಾಚಿ ಕೂತು ಪೂರ್ತಿ ಉಂಡಳು. ಸಂಜೆಯ ತನಕ ಹಂದಾಡದೆ ಮಲಗಿದಳು.

ಮರುದಿನ ಬೆಳಿಗ್ಗೆ ಸೂಜಿ ಮತ್ತೆ ಬಚ್ಚಲಿನಲ್ಲಿ ಕೂತಳು. ತಾತ ಹೇಳಿದಂತೆ ಒಂದೇ ಸಮನೆ ಬಡಿಯಬೇಕು. ಕೈ ಕಂಬಿಯ ಕಡೆ ವಾಲಿದಾಗಲೆಲ್ಲ ಹಲ್ಲು ಕಚ್ಚಿ ತಡೆದಳು. ತಾಳ ತಪ್ಪಿತು. ಒಂದು ಪೆಟ್ಟು ಜೋರು, ಒಂದು ಜಾರು. ದುಂಡಗೆ ಎದ್ದಿದ್ದ ಅಂಚು ಸೊಟ್ಟಗಾಯಿತು. ನಿಲ್ಲಿಸಿ ಅಂಗಾಲಿನಿಂದ ಕೇಳಿಸಿಕೊಂಡಳು. ಗೋಡೆಯಾಚೆ ಅತ್ತಿಗೆ ಪಾತ್ರೆ ಜೋಡಿಸುತ್ತಿದ್ದಳು, ಅಷ್ಟೆ. ನೆಲ ಅಲುಗದೆ ಬಿದ್ದಿತ್ತು.

"ಏನೇ, ನಿಂತುಬಿಟ್ಟೆ?" ಎಂದು ಅಡುಗೆಮನೆಯಿಂದ ದನಿ ಬಂತು.

ಏನಿಲ್ಲ ಎಂದು ಸೂಜಿ ಮತ್ತೆ ಬಡಿಯತೊಡಗಿದಳು. ಸದ್ದು ಬಚ್ಚಲ ನಾಲ್ಕು ಗೋಡೆಗಳಿಗೆ ತಾಗಿ ಹಿಂದಿರುಗುತ್ತಿತ್ತು. ಅದು ಅಣ್ಣನದಾಗಿರಲಿಲ್ಲ. ಅವಳದೂ ಇನ್ನೂ ಆಗಿರಲಿಲ್ಲ.